ಹಿಂದಿನ ಸಾಲಿನ ಪರವಾಗಿ ಸಾಬಮ್ಮ

ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಮೇಲೆ ಆಗ ಮೂರಂತಸ್ತಿನ ಒಂದು ಕಟ್ಟಡವಿತ್ತು. ಗೇಟಿನ ಕಮಾನಿನ ಮೇಲೆ ಸೊಸೈಟಿಯ ಉದ್ದನೆಯ ಹೆಸರು ಬರೆಸಿದ್ದರು. ಆದರೆ ಊರಿನವರಿಗೆ ಅದು ಬರೀ ‘ಮೂರ ಮಾಳಿಗಿ’. ಒಂದೊಂದು ಅಂತಸ್ತಿನಲ್ಲಿ ಆರು ಮನೆಗಳು. ಮೂರು ರಸ್ತೆಯ ಕಡೆಗೆ ಮುಖ ಮಾಡಿದ್ದವು, ಇನ್ನು ಮೂರು ಹಿಂದಕ್ಕೆ, ಕಲ್ಲು ತೆಗೆದು ಕೈಬಿಟ್ಟ ಹಳೆಯ ಖಣಿಯ ಕಡೆಗೆ. ಮುಂದಿನವರಿಗೆ ಗಾಳಿ, ಬೆಳಕು, ಬಸ್ಸಿನ ಸದ್ದು. ಹಿಂದಿನವರಿಗೆ ಖಣಿಯಲ್ಲಿ ನಿಂತ ಹಸಿರು ನೀರು ಮತ್ತು ವರ್ಷವಿಡೀ ಸೊಳ್ಳೆ.

ಸಾಬಮ್ಮನ ಮನೆ ಹಿಂದಿನ ಸಾಲಿನಲ್ಲಿ, ಕೆಳಗಿನ ಅಂತಸ್ತಿನಲ್ಲಿತ್ತು. ಅವಳ ಗಂಡ ಭೀಮಶ್ಯಾ ಊರಿನ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದ. ಕಾರ್ಖಾನೆಯ ನೌಕರರೇ ಸೇರಿ ಸೊಸೈಟಿ ಮಾಡಿಕೊಂಡು, ಸಂಬಳದಲ್ಲಿ ಸಮಸಮ ಹಿಡಿಸಿಕೊಂಡು ಆ ಕಟ್ಟಡ ಎಬ್ಬಿಸಿದ್ದರು. ತೊಂಬತ್ತೊಂದರಲ್ಲಿ ಮನೆ ಹಂಚುವಾಗ ಚೀಟಿ ಎತ್ತಬೇಕೆಂದು ಮೊದಲು ಮಾತಾಗಿತ್ತು. ಆಮೇಲೆ ಆಫೀಸಿನವರಿಗೆ, ಸೊಸೈಟಿಯಲ್ಲಿ ಓಡಾಡಿದವರಿಗೆ ಮುಂದಿನವು ಇರಲಿ ಎಂದಾಯಿತು. ಉಳಿದವರು ಹಿಂದಕ್ಕೆ ಬಂದರು. ಹಿಂದೆ ಬಂದವರಲ್ಲಿ ಹೆಚ್ಚಿನವರು ಸಾಬಮ್ಮನ ಕೇರಿಯವರು ಮತ್ತು ಮುಸಲ್ಮಾನರು. ತಡವಾಗಿ ಸದಸ್ಯನಾದ ಒಬ್ಬ ಬ್ರಾಹ್ಮಣ ಸ್ಟೋರ್‌ಕೀಪರನೂ ಅವರ ನಡುವೆ ಇದ್ದ. ಇದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಗುಡಿಸಲಿನಲ್ಲಿ ಹುಟ್ಟಿದ ಭೀಮಶ್ಯಾನಿಗೆ ಫರ್ಸಿ ಕಲ್ಲು ಹಾಸಿದ ನೆಲ, ನಲ್ಲಿ, ಒಳಗೇ ಸಂಡಾಸು ಇರುವ ಮನೆ ಸಿಕ್ಕಿದ್ದೇ ದೊಡ್ಡದಾಗಿತ್ತು. ಮುಂದೆ ಯಾವುದು ಹಿಂದೆ ಯಾವುದು ಎಂದು ಅವನು ಕೇಳಲಿಲ್ಲ.

ಕಾರ್ಖಾನೆ ತೊಂಬತ್ನಾಲ್ಕರಿಂದ ಕುಂಟತೊಡಗಿತು. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು, ಒಂದು ದಿನ ಗೇಟೇ ಮುಚ್ಚಿತು. ಮೂರ ಮಾಳಿಗಿಯ ಜನ ಸಿಕ್ಕ ಕಡೆ ಹೋದರು. ಗನಿಸಾಬ ವಾಡಿ ಸ್ಟೇಶನ್ನಿನ ಹತ್ತಿರ ವೆಲ್ಡಿಂಗ್ ಅಂಗಡಿ ಹಾಕಿದ. ಸ್ಟೋರ್‌ಕೀಪರ ತೀರಿಕೊಂಡ ಮೇಲೆ ಅವನ ಮನೆ ಮಗಳು ವೃಂದಾಳಿಗೆ ಬಂತು. ಅವಳು ಸೇಡಮ್ಮಿನ ಹೈಸ್ಕೂಲಿನಲ್ಲಿ ಟೀಚರಾಗಿದ್ದಳು. ಜೈತುನ್‌ಬೀ ಎಂಬ ವಿಧವೆ ಮನೆಯನ್ನು ಬಾಡಿಗೆಗೆ ಕೊಟ್ಟು ತಮ್ಮನ ಆಸರೆಗೆಂದು ಚಿಂಚೋಳಿ ತಾಲೂಕಿನ ಚಿಮ್ಮನಚೋಡಕ್ಕೆ ಹೋದಳು. ಭೀಮಶ್ಯಾ ಎಲ್ಲಿಗೂ ಹೋಗಲಿಲ್ಲ. ಎರಡು ವರ್ಷ ಮನೆಯಲ್ಲಿ ಕೂತು, ಕುಡಿಯದವನು ಕುಡಿಯಲು ಕಲಿತು, ತೊಂಬತ್ತೆಂಟರಲ್ಲಿ ಸತ್ತ.

ಸಾಬಮ್ಮನಿಗೆ ಸರಕಾರದ ನೌಕರಿ ಇತ್ತು, ಅದರಿಂದ ಬದುಕು ನಡೆಯಿತು. ಅವಳು ಭಂಕೂರಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಹೆರಿಗೆ ಮಾಡಿಸುವುದು, ಸೂಜಿ ಹಾಕುವುದು, ಬಾಣಂತಿಯರ ಮನೆಗೆ ನಡೆದು ಹೋಗುವುದು. ಕಲ್ಲಿನ ಕೆಲಸದವರ ಓಣಿಗಳಲ್ಲಿ ಅವಳು ಕಾಲಿಡದ ಹೊಸ್ತಿಲು ಇರಲಿಲ್ಲ. ಹಗುರ ಮಾತಿನವಳಲ್ಲ, ಸಿಟ್ಟಿನವಳೂ ಅಲ್ಲ. ಜನ ಅವಳ ಮುಂದೆ ಮನೆಯ ಮಾತು ಬಿಚ್ಚುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತಿದ್ದಳು, ಅಲ್ಲಿಂದ ಇಲ್ಲಿಗೆ ಹಚ್ಚುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಗುಲ್ಬರ್ಗದಿಂದ ಜಾಗ ಕೊಳ್ಳುವ ಒಬ್ಬ ಪಾರ್ಟಿ ಬಂದ. ಆ ಜಾಗದಲ್ಲಿ ಮದುವೆ ಹಾಲ್ ಕಟ್ಟಿ, ರಸ್ತೆಗೆ ಹೊಂದಿ ಅಂಗಡಿಗಳ ಸಾಲು ಮಾಡುವುದು ಅವನ ವಿಚಾರ. ಕೊಟ್ಟರೆ ಹದಿನೆಂಟೂ ಮನೆ ಒಟ್ಟಿಗೆ ಕೊಡಬೇಕು, ಒಬ್ಬರು ಬೇಡವೆಂದರೂ ತನಗೆ ಬೇಡ ಎಂದು ದಲಾಲ ಅಮೀರ್ ಅಲಿಯ ಕೈಯಲ್ಲಿ ಹೇಳಿಸಿದ. ಕಟ್ಟಡ ಅಷ್ಟರಲ್ಲಿ ಸೋರತೊಡಗಿತ್ತು. ಮೆಟ್ಟಿಲಿನ ಕಬ್ಬಿಣ ಹೊರಬಿದ್ದಿತ್ತು. ದುರಸ್ತಿಗೆ ಕೈಹಾಕುವವರಿರಲಿಲ್ಲ. ಹೀಗಾಗಿ ಮಾರುವ ಮಾತು ಎಲ್ಲರಿಗೂ ಸಿಹಿಯಾಗಿಯೇ ಕೇಳಿಸಿತು.

ಮಾಳಿಗೆಯ ಮೇಲೆ ಸಭೆ ಸೇರಿತು. ಊರಿನಲ್ಲಿದ್ದವರಷ್ಟೇ ಬಂದಿದ್ದರು, ಅರ್ಧಕ್ಕಿಂತ ಕಡಿಮೆ. ಮೂವರ ಕಮಿಟಿ ಮಾಡಿದರು. ಒಬ್ಬರು ಪ್ರಾಣೇಶರಾಯರು. ಕಾರ್ಖಾನೆಯ ಲೆಕ್ಕದ ಆಫೀಸಿನಲ್ಲಿದ್ದವರು, ಸೊಸೈಟಿಯ ಅಧ್ಯಕ್ಷರು, ಮೆತ್ತಗಿನ ಮಾತಿನ ಮನುಷ್ಯ. ಇನ್ನೊಬ್ಬ ಚಂದ್ರಾಮಪ್ಪ, ಮುಂದಿನ ಸಾಲಿನ ಕೆಳಗಿನ ಮನೆಯಲ್ಲೇ ಸಿಮೆಂಟಿನ ಅಂಗಡಿ ಇಟ್ಟುಕೊಂಡವನು. ಇಬ್ಬರೂ ಮುಂದಿನವರೇ ಆದರಲ್ಲ ಎಂದು ಯಾರೋ ಅಂದಾಗ ರಾಯರು ಸಾಬಮ್ಮನ ಕಡೆ ತಿರುಗಿದರು.

“ಸಿಸ್ಟರ್, ಹಿಂದಿನ ಸಾಲಿನವ್ರು ನಿಮ್ಮ ಮಾತು ಕೇಳ್ತಾರ. ಊರಾಗ ಇಲ್ಲದವ್ರ ಮನಿಗಿ ನಾವು ಹೋದ್ರ ಅನುಮಾನ ಮಾಡ್ತಾರ. ಅವರ ಪರವಾಗಿ ನೀವು ನಿಂದ್ರಿ.”

ಅವಳಿಗೆ ಸಂಕೋಚವಾಯಿತು. ಒಳಗೊಳಗೇ ಹಿಗ್ಗೂ ಆಯಿತು. ಭೀಮಶ್ಯಾ ಇದ್ದಾಗ ಸೊಸೈಟಿಯ ಸಭೆಯಲ್ಲಿ ಹಿಂದಿನವರು ಗೋಡೆಗೆ ಒರಗಿ ನಿಂತು ಬರುತ್ತಿದ್ದರು. ಈಗ ತನಗೆ ಕುರ್ಚಿ ಹಾಕಿ ಕೇಳುತ್ತಿದ್ದಾರೆ. ಅವಳು ಒಪ್ಪಿಕೊಂಡಳು.

ರಜೆ ಸಿಕ್ಕ ಭಾನುವಾರಗಳಲ್ಲಿ ಮಾರಾಟದ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಸುವ ತಿರುಗಾಟ ಶುರುವಾಯಿತು. ಪ್ಯಾಸೆಂಜರ್ ಗಾಡಿ ಹಿಡಿದು ವಾಡಿಗೆ, ಅಲ್ಲಿಂದ ಚಿತ್ತಾಪುರಕ್ಕೆ, ಸೇಡಮ್ಮಿಗೆ. ಒಂದು ಸಲ ಕಾಳಗಿಯ ಬಸ್ಸು ನಡುದಾರಿಯಲ್ಲಿ ಕೆಟ್ಟು, ಎತ್ತಿನ ಗಾಡಿಯ ಮೇಲೆ ಕೂತು ಬಂದಳು. ಹೋದಲ್ಲೆಲ್ಲ ಒಂದೊಂದು ಪ್ರಶ್ನೆ. ಗನಿಸಾಬನಿಗೆ ತನ್ನ ಬಾಡಿಗೆಯ ಬಡ ಕುಟುಂಬ ಎಲ್ಲಿಗೆ ಹೋಗಬೇಕು ಎಂಬ ಚಿಂತೆ. ಚಿತ್ತಾಪುರದ ಇಬ್ಬರು ಅಣ್ಣತಮ್ಮಂದಿರಿಗೆ ಹಣ ಯಾರ ಹೆಸರಿಗೆ ಬರುತ್ತದೆ ಎಂಬ ಜಗಳ. ಸಾಬಮ್ಮ ಎಲ್ಲವನ್ನೂ ಕೇಳಿ ತಲೆಯಲ್ಲಿಟ್ಟುಕೊಂಡು ಬರುತ್ತಿದ್ದಳು. ಬಂದು ಹೇಳಿದಾಗ ರಾಯರು, “ನೋಡೋಣಂತ” ಎಂದು ತಲೆಯಾಡಿಸುತ್ತಿದ್ದರು.

ಸೇಡಮ್ಮಿನಲ್ಲಿ ವೃಂದಾ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡಿಸಿದಳು. ಇನ್ನೂ ಮೂವತ್ತೈದರ ಹೆಂಗಸು, ಚುರುಕು. ಒಪ್ಪಿಗೆ ಕಾಗದ ಕೈಗೆ ತೆಗೆದುಕೊಳ್ಳುವ ಮೊದಲು ಒಂದೇ ಮಾತು ಕೇಳಿದಳು.

“ಮುಂದಿನವ್ರಿಗಿ, ಹಿಂದಿನವ್ರಿಗಿ ಒಂದೇ ದರ ಏನ್ರಿ ಸಿಸ್ಟರ್?”

“ಒಂದೇ ಅದರಿ ಬಾಯಾರ. ಎಲ್ಲಾ ಮನಿ ಒಂದೇ ಅಳತಿ ಅವ. ದರ ಬ್ಯಾರೆ ಯಾಕ ಆಗ್ತದ?”

ಹೀಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೀಗಿರಲಾರದು ಎಂದೂ ಅವಳಿಗೆ ತೋಚಿರಲಿಲ್ಲ. ವೃಂದಾ ಸಹಿ ಮಾಡಿದಳು. ಅಲ್ಲಿಂದ ಮುಂದೆ ಯಾರ ಮನೆಗೆ ಹೋದರೂ ಸಾಬಮ್ಮ ತಾನಾಗಿಯೇ ಆ ಮಾತು ಹೇಳತೊಡಗಿದಳು: ಎಲ್ಲರಿಗೂ ಒಂದೇ. ಆ ಮಾತು ಹೇಳಿದೊಡನೆ ಜನರ ಮುಖ ಸಡಿಲಾಗುತ್ತಿತ್ತು, ಸಹಿ ಬೀಳುತ್ತಿತ್ತು. ಚಿಮ್ಮನಚೋಡದ ಜೈತುನ್‌ಬೀ ಒಬ್ಬಳನ್ನು ಬಿಟ್ಟು ಹಿಂದಿನ ಸಾಲೆಲ್ಲ ಮುಗಿಯಿತು.

ವಾಡಿಯಿಂದ ವಾಪಸು ಬರುವಾಗ ಒಂದು ಸಂಜೆ ಗಾಡಿಯಲ್ಲಿ ಅಮೀರ್ ಅಲಿ ಸಿಕ್ಕ. ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಭಾಳ ತ್ರಾಸು ತೊಗೊಳ್ಳಾಕತ್ತೀರಿ ಎಂದು ಮೆಚ್ಚಿ ಮಾತಾಡಿದ. ಆಮೇಲೆ, “ನಿಮ್ದೇನ್ ಚಿಂತಿ ಇಲ್ಲ ಬಿಡ್ರಿ. ನಿಮ್ಮ ಮನಿ ಮುಂದಿನ ಲೆಕ್ಕದಾಗೇ ಹಿಡಿಸ್ಯಾರ ರಾಯರು” ಎಂದ.

ಮುಂದಿನ ಲೆಕ್ಕ ಎಂದರೇನು ಎಂದು ಸಾಬಮ್ಮ ಕೇಳಿದಳು. ಅವನು ಅವಳ ಮುಖ ನೋಡಿ, ಇವಳಿಗೆ ಗೊತ್ತಿಲ್ಲವೆಂದು ತಿಳಿದು, ಕಿಟಕಿಯ ಕಡೆ ತಿರುಗಿದ. ಅವಳು ಬಿಡಲಿಲ್ಲ. ಕೊನೆಗೆ ಹೇಳಿದ: ಮುಂದಿನ ಎರಡು ಮನೆಗೆ ಸಿಗುವಷ್ಟೇ ಹಣ ಹಿಂದಿನ ಮೂರು ಮನೆಗೆ. ಚಂದ್ರಾಮಪ್ಪನಿಗೆ ಹೊಸ ಸಾಲಿನಲ್ಲಿ ಒಂದು ಅಂಗಡಿ. ಮಾತು ಆಗಿ ತಿಂಗಳಾಗಿತ್ತು.

ಶಹಾಬಾದಿನಲ್ಲಿ ಇಳಿದವಳು ಮನೆಗೆ ಹೋಗದೆ ನೇರ ರಾಯರ ಮನೆಯ ಮೆಟ್ಟಿಲು ಹತ್ತಿದಳು. ರಾಯರ ಹೆಂಡತಿ ಸರಸ್ವತಿಬಾಯಿ ಬಾಗಿಲು ತೆಗೆದು, ಚಹಾಕ್ಕಿಡಲು ಒಳಗೆ ಹೋದರು. ರಾಯರು ಮುಚ್ಚಿಡಲಿಲ್ಲ. ಬೇಸರವನ್ನೂ ಮಾಡಿಕೊಳ್ಳಲಿಲ್ಲ.

“ರಸ್ತಾಕ್ಕ ಹತ್ತಿದ ಜಾಗಾಕ್ಕ ಬೆಲಿ ಜಾಸ್ತಿ ಇರ್ತದ ಸಿಸ್ಟರ್. ಇದು ನಾ ಮಾಡಿದ್ದಲ್ಲ, ಪ್ಯಾಟಿ ಮಾಡಿದ್ದು.”

“ಇರಬಹುದ್ರಿ ರಾಯರ. ಹಂಗಾದ್ರ ಅದನ್ನ ಹಿಂದಿನವ್ರಿಗಿ ಹೇಳಬೇಕಾಗಿತ್ತು. ನಾ ಎಲ್ಲಾರಿಗೂ ಒಂದೇ ಅಂತ ಹೇಳಿ ಬಂದೀನಿ.”

“ಹೇಳಿದ್ರ ಒಬ್ಬೊಬ್ಬರು ಒಂದೊಂದು ದಿಕ್ಕಿಗಿ ಎಳೀತಾರ. ಪಾರ್ಟಿ ಬಿಟ್ಟು ಹೋಗ್ತದ. ಆಮ್ಯಾಗ ನಮಗೂ ಇಲ್ಲ, ನಿಮಗೂ ಇಲ್ಲ, ಮಾಳಿಗಿ ತಲಿ ಮ್ಯಾಗ ಬೀಳ್ತದ.” ದನಿ ಇಳಿಸಿದರು. “ನೀವು ಇಷ್ಟು ತಿರುಗಾಡ್ಲಿಕತ್ತೀರಿ. ಅದಕ್ಕ ನಿಮ್ಮ ಮನಿ ನಮ್ಮ ಲೆಕ್ಕದಾಗ ಹಿಡದೀವಿ. ಕರುಣಾನ ಮುಂದಿಂದೂ ನೋಡಬೇಕಲ್ಲ ನೀವು.”

ಕರುಣಾ ಅವಳ ಮಗಳು, ಗುಲ್ಬರ್ಗದಲ್ಲಿ ಬಿ.ಎಡ್. ಓದುತ್ತಿದ್ದಳು. ಸಾಬಮ್ಮ ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಚಹಾ ಬಂತು, ಕುಡಿದಳು, ಎದ್ದು ಬಂದಳು. ಮೆಟ್ಟಿಲು ಇಳಿಯುವಾಗಲೇ ತಾನು ಸುಮ್ಮನೆ ಎದ್ದು ಬಂದದ್ದು ಅವಳಿಗೆ ಚುಚ್ಚಿತು.

ಅದು ಪೋಲಿಯೋ ಹನಿ ಹಾಕುವ ತಿಂಗಳು. ಥಂಡಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಭಂಕೂರಿನ ಓಣಿಗಳಲ್ಲಿ ತಿರುಗುತ್ತ ಅವಳು ದಿನ ದೂಡಿದಳು. ಹೇಳಬೇಕು ಎಂದು ಮುಂಜಾನೆ ಏಳುವಳು. ಮಧ್ಯಾಹ್ನದ ಹೊತ್ತಿಗೆ ರಾಯರ ಮಾತು ಖರೆ ಅನಿಸುವುದು. ನಾಳೆ ಈ ವ್ಯವಹಾರ ಮುರಿದರೆ ಹಿಂದಿನವರೇ ತನ್ನನ್ನು ಬೈಯುತ್ತಾರೆ, ಅರ್ಧ ರೊಟ್ಟಿಯನ್ನೂ ನಾಯಿಗೆ ಹಾಕಿದಳು ಎನ್ನುತ್ತಾರೆ. ಅಲ್ಲದೆ ತನ್ನ ಮನೆಗೆ ಹೆಚ್ಚು ಬಂದರೆ ಯಾರ ಮನೆಯಿಂದ ಕಿತ್ತುಕೊಂಡಂತಾಗುತ್ತದೆ? ಈ ಪ್ರಶ್ನೆಯನ್ನು ಅವಳು ದಿನಕ್ಕೆ ಹತ್ತು ಸಲ ಕೇಳಿಕೊಂಡಳು. ಯಾರ ಮನೆಯಿಂದ ಎನ್ನುವುದು ಅವಳಿಗೆ ಗೊತ್ತೇ ಇತ್ತು.

ದೀಪಾವಳಿಗೆ ಬಟ್ಟೆ ತರಲು ಬಂದ ಕರುಣಾಳ ಮುಂದೆ ಒಮ್ಮೆ ಬಾಯಿಬಿಟ್ಟಳು. ಮಗಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ತನ್ನ ಓದಿನ ಹೆಸರು ಇದರಲ್ಲಿ ತರಬೇಡ ಎಂದಷ್ಟೇ ಹೇಳಿದಳು. ಸಾಬಮ್ಮನಿಗೆ ಅಷ್ಟು ಸಾಲಲಿಲ್ಲ. ಮಗಳು ಬೈದಿದ್ದರೆ, ಇಲ್ಲವೇ ಇಟ್ಟುಕೋ ಎಂದಿದ್ದರೆ, ಎರಡರಲ್ಲಿ ಒಂದು ದಾರಿ ಆಗುತ್ತಿತ್ತು. ಆ ಹುಡುಗಿ ಎರಡೂ ಮಾಡದೆ ಮರುದಿನ ಬಸ್ಸು ಹತ್ತಿದಳು.

ಹೀಗಿರುವಾಗ ರೋಜಾ ತಿಂಗಳ ನಡುವೆ ಒಂದು ಮಧ್ಯಾಹ್ನ ಜೈತುನ್‌ಬೀ ತಾನೇ ಬಂದು ಬಾಗಿಲಲ್ಲಿ ನಿಂತಳು. ಚಿಮ್ಮನಚೋಡದಿಂದ ನಸುಕಿನಲ್ಲೇ ಹೊರಟು, ಎರಡು ಬಸ್ಸು ಬದಲಿಸಿ, ಉಪವಾಸದಲ್ಲಿ ಬಂದಿದ್ದಳು. ತುಟಿ ಒಣಗಿದ್ದವು. ಕೈಯಲ್ಲಿ ಹೊಸ ಹೆಸರುಕಾಳಿನ ಗಂಟು. ಸಾಬಮ್ಮ ಡ್ಯೂಟಿಗೆ ಹೋದಾಗ ಚಿಕ್ಕ ಕರುಣಾಳಿಗೆ ಉಣಿಸಿ ನೋಡಿಕೊಂಡವಳು ಇದೇ ಹೆಂಗಸು. ಗೋಡೆಯಾಚೆಯ ಮನೆ, ಹದಿಮೂರು ವರ್ಷದ ಒಡನಾಟ. ಸಾಬಮ್ಮ ಅವಳನ್ನು ಅಕ್ಕನಂತೆ ಕಂಡು ಆಪಾ ಎಂದೇ ಕರೆಯುತ್ತಿದ್ದಳು.

ಫ್ಯಾನಿನ ಕೆಳಗೆ ಕೂತು ಜೈತುನ್‌ಬೀ ತನ್ನ ಸುದ್ದಿ ಹೇಳಿಕೊಂಡಳು. ತಮ್ಮ ಒಳ್ಳೆಯವನು, ಆದರೆ ಮನೆ ಅವನ ಹೆಂಡತಿಯದು. ಉಂಡ ತಟ್ಟೆ ತಾನೇ ತೊಳೆದಿಟ್ಟರೂ ಮತ್ತೊಮ್ಮೆ ತೊಳೆಯುತ್ತಾಳೆ. ಮೂರ ಮಾಳಿಗಿಯ ಹಣ ಬಂದರೆ ತಮ್ಮನ ಹಿತ್ತಲಿನಲ್ಲೇ ತನ್ನದೊಂದು ಖೋಲಿ, ತನ್ನದೊಂದು ಒಲೆ ಮಾಡಿಕೊಳ್ಳುವುದು. ಗೋಡೆ ಕಟ್ಟುವ ಗೌಂಡಿಗೂ ಹೇಳಿಟ್ಟಿದ್ದಳು. ಹಬ್ಬದೊಳಗೆ ಕಾಗದ ಮುಗಿದರೆ ಮನಸ್ಸು ಹಗುರಾಗುತ್ತದೆ, ನೀನು ಅಷ್ಟು ದೂರ ಬರುವುದು ಬೇಡವೆಂದು ನಾನೇ ಬಂದೆ ಎಂದಳು. ಹೆಬ್ಬೆರಳು ಮುಂದೆ ಚಾಚಿದಳು.

“ಎಲ್ಲಿ ಒತ್ತಬೇಕು ತೋರ್ಸು. ಓದಿ ಹೇಳೂದೇನ್ ಬ್ಯಾಡ. ನೀ ನೋಡಿದ್ರ ನಾ ನೋಡ್ದಂಗೇ.”

ಸಾಬಮ್ಮ ಕಾಗದ ತರಲು ಎದ್ದವಳು ಕಪಾಟಿನ ಮುಂದೆ ನಿಂತುಬಿಟ್ಟಳು. ಮರಳಿ ಬರಿಗೈಯಲ್ಲಿ ಬಂದು ಕೂತು ಎಲ್ಲವನ್ನೂ ಹೇಳಿದಳು. ಎರಡು ಮನೆಗೆ ಬಂದದ್ದು ಮೂರು ಮನೆಗೆ, ಚಂದ್ರಾಮಪ್ಪನ ಅಂಗಡಿ, ತನ್ನ ಮನೆಯನ್ನು ಮುಂದಿನ ಲೆಕ್ಕಕ್ಕೆ ಹಿಡಿದದ್ದು. ಅದನ್ನೂ ಬಿಡಲಿಲ್ಲ.

ಜೈತುನ್‌ಬೀ ಕೈ ಹಿಂದಕ್ಕೆ ತೆಗೆದುಕೊಂಡಳು. ಅವಳು ಬೆನ್ನು ತಟ್ಟುತ್ತಾಳೆ ಎಂದು ಸಾಬಮ್ಮನ ಮನಸ್ಸಿನ ಯಾವುದೋ ಮೂಲೆ ಕಾದಿತ್ತು.

“ಯಾಕ ಹೇಳ್ದಿ? ಹೇಳ್ದೇ ಇದ್ರ ನಾ ಖುಷಿಲೇ ಒತ್ತಿ ಹೋಗ್ತಿದ್ದೆ. ಈಗ ಹ್ಯಾಂಗ ಒತ್ತಲಿ?”

“ಆಪಾ, ಹೇಳ್ದೇ ಇರ್ಲಿಕ್ಕ ಆಗ್ಲಿಲ್ಲ.”

“ಆಗ್ಲಿಲ್ಲಾ? ಇಷ್ಟು ದಿನ ಆಗಿತ್ತಲ್ಲ.”

ಕಾಳಿನ ಗಂಟನ್ನು ಅಲ್ಲೇ ಬಿಟ್ಟು ಜೈತುನ್‌ಬೀ ಎದ್ದಳು. ಊರೊಳಗೆ ಇದ್ದ, ಹಿಂದಿನ ಸಾಲಿನವಳೇ ಆದ ಇಮಾಮ್‌ಬೀಯ ಮನೆಯಲ್ಲಿ ರೋಜಾ ಬಿಡುತ್ತೇನೆ, ಇಲ್ಲಿ ಬೇಡ ಎಂದಳು. ಸಾಬಮ್ಮ ಗೇಟಿನವರೆಗೆ ಹಿಂದೆ ಹೋದಳು. ಆ ಹೆಂಗಸು ತಿರುಗಿ ನೋಡಲಿಲ್ಲ.

ಮುಂದಿನ ದಿನವೇ ಸಾಬಮ್ಮ ರಜೆ ಹಾಕಿ ಎರಡನೆಯ ಸಲ ಹೊರಟಳು. ಮೊದಲ ತಿರುಗಾಟಕ್ಕಿಂತ ಇದು ಕಷ್ಟದ್ದು. ಹೇಳಿ ಬಂದ ಮಾತನ್ನು ಮನೆಮನೆಗೂ ಹೋಗಿ ವಾಪಸು ತೆಗೆದುಕೊಳ್ಳಬೇಕು. ಸುದ್ದಿ ತಾನಾಗಿಯೇ ಹರಡುತ್ತಿತ್ತು, ಅವಳು ಹೋಗಲೇಬೇಕೆಂದೇನೂ ಇರಲಿಲ್ಲ. ಆದರೆ ಸುಳ್ಳು ತನ್ನ ಬಾಯಿಂದ ಹೋಗಿದ್ದರಿಂದ ಖರೆಯೂ ತನ್ನ ಬಾಯಿಂದಲೇ ಹೋಗಬೇಕು ಎಂಬ ಹಟ ಹಿಡಿದಿತ್ತು. ಗನಿಸಾಬ ವೆಲ್ಡಿಂಗಿನ ಕನ್ನಡಕವನ್ನು ಹಣೆಗೇರಿಸಿ ಕೇಳಿಸಿಕೊಂಡ. ಸಿಟ್ಟು ಮಾಡಲಿಲ್ಲ. ತೊಂಬತ್ತೊಂದರಲ್ಲೂ ಹೀಗೇ ಆಗಿತ್ತು, ಆಗ ಭೀಮಶ್ಯಾ ಸುಮ್ಮನಿರು ಅಂದಿದ್ದ ಎಂದು ನಕ್ಕ. ಆ ನಗೆ ಸಾಬಮ್ಮನಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಟ್ಟಿತು. ಚಿತ್ತಾಪುರದ ಅಣ್ಣ ಒಳಗಿನಿಂದಲೇ ಮನೆಯಲ್ಲಿಲ್ಲ ಎಂದು ಹೇಳಿಸಿದ.

ಸೇಡಮ್ಮಿನಲ್ಲಿ ಶಾಲೆಯ ಹೊರಗೆ ಬೇವಿನ ಗಿಡದ ಕೆಳಗೆ ಕಾದು, ವೃಂದಾ ಹೊರಬಂದಾಗ ನಿಂತುಕೊಂಡೇ ಹೇಳಿದಳು. ವೃಂದಾ ಕೊನೆಯವರೆಗೂ ತಡೆಯದೆ ಕೇಳಿದಳು. ಆಮೇಲೆ, ನಿಮಗೆ ಗೊತ್ತಾಗಿ ಎಷ್ಟು ದಿನವಾಯಿತು ಎಂದಳು. ಸಾಬಮ್ಮ ಖರೆ ಹೇಳಿದಳು.

“ನಿಮ್ಮನ್ನ ಬೈಯಂಗಿಲ್ರಿ ಸಿಸ್ಟರ್,” ಎಂದಳು ವೃಂದಾ. “ಬಂದು ಹೇಳೀರಿ, ಅದು ದೊಡ್ಡದು. ಆದ್ರ ಇನ್ ಮ್ಯಾಗ ನನ್ನ ಪರವಾಗಿ ನೀವು ಮಾತಾಡಬ್ಯಾಡ್ರಿ.”

ದೀಪಾವಳಿ, ರಂಜಾನ್ ಎರಡೂ ಒಂದರ ಬೆನ್ನಿಗೆ ಒಂದು ಬಂದು ಹೋದ ಮೇಲೆ ಮಾಳಿಗೆಯ ಮೇಲೆ ಮತ್ತೆ ಸಭೆ ಸೇರಿತು. ಈ ಸಲ ದೂರದವರೆಲ್ಲ ಬಂದರು. ಜೈತುನ್‌ಬೀಯೂ ತಮ್ಮನೊಡನೆ ಬಂದು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಳು. ಮುಂದಿನವರು ಕುರ್ಚಿಯಲ್ಲಿ, ಹಿಂದಿನವರು ಹಾಸಿದ ಜಮಖಾನೆಯ ಮೇಲೆ. ಯಾರೂ ಹಾಗೆ ಮಾಡಿಸಿದ್ದಲ್ಲ. ಸಾಬಮ್ಮನಿಗೆ ಕಮಿಟಿಯ ಮೂರನೆಯ ಕುರ್ಚಿ ಇತ್ತು. ಅವಳು ಅದರ ಹಿಂದೆ ಕೈಯಿಟ್ಟು ನಿಂತಳು, ಕೂರಲಿಲ್ಲ.

ಮಾತು ಬೆಳೆದು ಬಿಸಿಯಾದಾಗ ಚಂದ್ರಾಮಪ್ಪ ಎದ್ದ. ಹಿಂದಿನವರ ಪರವಾಗಿ ನಿಂತವಳು ಇವಳೇ ಅಲ್ಲವೇ, ಇವಳ ಮನೆಯನ್ನು ಮುಂದಿನ ಲೆಕ್ಕದಲ್ಲಿ ಹಿಡಿದದ್ದು ನಿಮಗೆ ಗೊತ್ತೇ, ಗೊತ್ತಾದ ದಿನ ಬೇಡ ಅಂದಳೇ ಕೇಳಿ ನೋಡಿ ಎಂದ. ಹೇಳುವಾಗ ಅವನ ದನಿಯಲ್ಲಿ ಗೆದ್ದ ಹಿಗ್ಗಿತ್ತು. ಅರ್ಧ ಜನಕ್ಕೆ ಅದು ಅವಳ ಬಾಯಿಂದಲೇ ಗೊತ್ತಾಗಿತ್ತು. ಉಳಿದ ಅರ್ಧ ಜನ ಅವಳ ಕಡೆ ತಿರುಗಿದರು.

“ಹೌದ್ರಿ,” ಎಂದಳು ಸಾಬಮ್ಮ. “ಬ್ಯಾಡ ಅನ್ಲಿಲ್ಲ. ಆಸಿ ಆಗಿತ್ತು.”

ಪ್ರಾಣೇಶರಾಯರು ತಲೆ ತಗ್ಗಿಸಿದರು. ವೃಂದಾ ಎದ್ದು ನಿಂತಳು. ಟೀಚರಿನ ದನಿ, ಟ್ಯಾಂಕಿನಾಚೆಗೂ ಕೇಳುವಂಥದ್ದು.

“ಪಾರ್ಟಿ ನಮ್ಮ ಮನಿ ಕೊಳ್ಳಾಕತ್ತಿಲ್ಲ, ನೆಲ ಕೊಳ್ಳಾಕತ್ತಾನ. ಮನಿ ನಾಳೆ ಕೆಡವ್ತಾನ. ನೆಲದ ಮ್ಯಾಗ ಹದಿನೆಂಟು ಮಂದಿಗೂ ಸಮ ಪಾಲು ಅದ. ಮತ್ತ ಮುಂದ ಯಾವುದು, ಹಿಂದ ಯಾವುದು?”

ಚಂದ್ರಾಮಪ್ಪ, ಹತ್ತು ವರ್ಷದ ತನ್ನ ವ್ಯಾಪಾರ ಮುಳುಗುತ್ತದಲ್ಲ, ಅದಕ್ಕೇನು ಎಂದ. ಅದು ನ್ಯಾಯದ ಪ್ರಶ್ನೆಯೇ, ಅದನ್ನು ಬೇರೆ ಇಟ್ಟು ಎಲ್ಲರ ಎದುರು ಮಾತಾಡೋಣ, ಕದ್ದು ಬೇಡ ಎಂದಳು ವೃಂದಾ. ಆಮೇಲೆ ಹಿಂದಿನ ಸಾಲಿನವರು ತಮ್ಮವರನ್ನು ತಾವೇ ಆರಿಸಿಕೊಳ್ಳಲಿ, ಮುಂದಿನವರ ಬಾಯಿಂದ ಹೆಸರು ಬರುವುದು ಬೇಡ ಎಂದಳು. ಗನಿಸಾಬನ ಹೆಸರು, ವೃಂದಾಳ ಹೆಸರು ಬಂದವು. ಕೈಗಳು ಮೇಲೆದ್ದವು. ಜಮಖಾನೆಯ ಮೇಲೆ ಜೈತುನ್‌ಬೀಯ ಕೈಯೂ ಎದ್ದಿತು. ಸಾಬಮ್ಮ ತಾನೂ ಕೈಯೆತ್ತಿದಳು. ಕುರ್ಚಿ ಬಿಟ್ಟು ಬಂದು ಇಮಾಮ್‌ಬೀಯ ಪಕ್ಕ ಜಮಖಾನೆಯ ಅಂಚಿನಲ್ಲಿ ಕೂತಳು. ಇಮಾಮ್‌ಬೀ ಜಾಗ ಕೊಡಲು ಸರಿದಳೋ ದೂರವಾಗಲು ಸರಿದಳೋ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಸಲೀಸಾಗಿ ನಡೆಯಲಿಲ್ಲ. ಪಾರ್ಟಿ ರೇಗಿ, ನಿಮ್ಮ ಜಗಳ ತೀರಲಿ ಎಂದು ಹೊರಟುಹೋದ. ಚಳಿಗಾಲವೆಲ್ಲ ಸುದ್ದಿಯಿಲ್ಲ. ಆ ತಿಂಗಳುಗಳಲ್ಲಿ ಸಾಬಮ್ಮ ಮೂರ ಮಾಳಿಗಿಯಲ್ಲಿ ಒಬ್ಬಂಟಿಯಾದಳು. ಮುಂದಿನವರಿಗೆ ಅವಳು ಕೂಡಿ ಬಂದ ವ್ಯವಹಾರ ಕೆಡಿಸಿದವಳು. ಹಿಂದಿನವರಿಗೆ ಆಸೆಗೆ ಬಿದ್ದವಳು. ಸರಸ್ವತಿಬಾಯಿ ಎದುರಾದರೆ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡುವರು. ಆರೋಗ್ಯ ಕೇಂದ್ರದಲ್ಲಿ ಕೂಡ ಯಾರೋ, ಏನ್ರಿ ಸಿಸ್ಟರ್, ಮನಿ ಮುಂದಕ್ಕ ಬಂತಾ ಎಂದು ನಗಾಡಿದರು. ಅವಳು ಸೂಜಿ ಕುದಿಸಲು ಇಟ್ಟ ನೀರು ಇಂಗುವವರೆಗೂ ಒಲೆಯ ಮುಂದೆ ನಿಂತಿದ್ದಳು.

ಮಾಘದಲ್ಲಿ ಪಾರ್ಟಿ ಮರಳಿ ಬಂದ. ಮೊದಲಿಗಿಂತ ಕಡಿಮೆಗೆ ಕೇಳಿದ. ನಾಲ್ವರ ಹೊಸ ಕಮಿಟಿ ಮಾಳಿಗೆಯ ಮೇಲೆ ಎಲ್ಲರ ಮುಂದೆ ಅವನನ್ನು ಕೂಡಿಸಿ ಮಾತಾಡಿತು. ಹದಿನೆಂಟು ಮನೆಗೂ ಒಂದೇ ದರ. ಕೆಳಗಿನ ಅಂಗಡಿಗೆ ಮಾತ್ರ ವ್ಯಾಪಾರ ಬಿಡುವುದಕ್ಕೆ ಇಷ್ಟು ಎಂದು ಬೇರೆ. ಬಾಡಿಗೆಯವರಿಗೆ ಮಳೆಗಾಲದವರೆಗೆ ಸಮಯ. ಹಿಂದಿನವರಿಗೆ ಮೊದಲು ಗುಟ್ಟಾಗಿ ಗೊತ್ತು ಮಾಡಿದ್ದಕ್ಕಿಂತ ತುಸು ಹೆಚ್ಚು ಬಂತು. ಮುಂದಿನವರಿಗೆ ಬಹಳ ಕಡಿಮೆಯಾಯಿತು. ಯಾರಿಗೂ ಗೆದ್ದ ಸಮಾಧಾನ ಸಿಗಲಿಲ್ಲ. ಆದರೂ ಸಹಿ ಬೀಳದ ಮನೆ ಒಂದೂ ಉಳಿಯಲಿಲ್ಲ.

ಚಿತ್ತಾಪುರದ ರಿಜಿಸ್ಟ್ರಿ ಆಫೀಸಿನಲ್ಲಿ ಎಲ್ಲರೂ ಒಂದು ದಿನ ಸೇರಿದರು. ಸಾಬಮ್ಮನ ಸರದಿ ಬಂದಾಗ ಪ್ರಾಣೇಶರಾಯರು ಪೆನ್ನು ಚಾಚಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. “ನಾ ಕೆಟ್ಟದ್ದು ಮಾಡಬೇಕಂತ ಮಾಡ್ಲಿಲ್ರಿ ಸಿಸ್ಟರ್” ಎಂದು ಅವರು ಮೆಲ್ಲಗೆ ಅಂದರು. ಗೊತ್ತದರಿ ಎಂದಳು. ಅವರು ಹೇಳಿದ್ದು ಖರೆಯೆಂದೇ ಅವಳಿಗೆ ಅನಿಸಿತ್ತು. ಖರೆಯಾಗಿದ್ದರೂ ಅದರಿಂದ ಏನೂ ಹಗುರವಾಗಲಿಲ್ಲ.

ಭಂಕೂರಿನಲ್ಲಿ, ಆರೋಗ್ಯ ಕೇಂದ್ರದ ಹಿಂದೆ, ಅವಳು ಎರಡು ಕೋಣೆಯ ಮನೆ ಕಟ್ಟಿಕೊಂಡಳು. ಕರುಣಾಳಿಗೆ ಕಾಳಗಿಯ ಶಾಲೆಯಲ್ಲಿ ನೌಕರಿಯಾಯಿತು. ಮೂರ ಮಾಳಿಗಿ ಕೆಡವಿದ ಜಾಗದಲ್ಲಿ ಮದುವೆ ಹಾಲ್ ಎದ್ದಿತು. ಹಳೆಯವರು ಮದುವೆಗೆ ಅಲ್ಲಿ ಸೇರಿದಾಗ ತಮ್ಮ ತಮ್ಮ ಮನೆ ಎಲ್ಲಿತ್ತೆಂದು ಊಟದ ಟೇಬಲ್ಲುಗಳ ನಡುವೆ ಹುಡುಕುತ್ತಾರಂತೆ. ಸಾಬಮ್ಮ ಹೋಗಲಿಲ್ಲ. ಚಿಮ್ಮನಚೋಡದಲ್ಲಿ ಜೈತುನ್‌ಬೀಯ ಖೋಲಿ ಮುಗಿದು, ಹಿಂದಿನ ಸಾಲಿನ ಹೆಂಗಸರನ್ನೆಲ್ಲ ಕರೆದು ಊಟ ಹಾಕಿದಳೆಂದು ಗನಿಸಾಬನಿಂದ ತಿಳಿಯಿತು. ಅವಳಿಗೆ ಕರೆ ಬಂದಿರಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಚಿಂಚೋಳಿ ತಾಲೂಕಿನ ಹಳ್ಳಿಗಳಲ್ಲಿ ಕೆಲವು ದಿನ ಲಸಿಕೆ ಹಾಕಲು ಅವಳನ್ನು ಕಳಿಸಿದರು. ಒಂದು ದಿನ ಸರದಿ ಚಿಮ್ಮನಚೋಡದ್ದು. ಕೆಲಸ ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೇಳುತ್ತ ಕೇಳುತ್ತ ಹೋಗಿ ತಗಡಿನ ಬಾಗಿಲಿನ ಒಂದು ಖೋಲಿಯ ಮುಂದೆ ನಿಂತಳು. ಜೈತುನ್‌ಬೀ ಒಳಗಿನಿಂದ ನೋಡಿದಳು. ಚಾಪೆ ಹಾಸಿ, “ಬಾ, ಕುಂದ್ರು” ಎಂದಳು.

ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಕರುಣಾಳ ಮದುವೆಯ ವಿಚಾರ ಕೇಳಿದಳು, ತನ್ನ ಮೊಣಕಾಲಿನ ನೋವು ಹೇಳಿದಳು, ತೊಗರಿಗೆ ಹುಳ ಬಿದ್ದದ್ದು ಹೇಳಿದಳು. ಮೂರ ಮಾಳಿಗಿಯ ಮಾತು ಬರಲಿಲ್ಲ. ಉಂಡು ಕೈತೊಳೆದ ಮೇಲೆ ಸಾಬಮ್ಮನಿಗೆ ತಡೆಯಲಾಗಲಿಲ್ಲ.

“ಆಪಾ, ಅವತ್ತು ನಾ ಹೇಳಬಾರದಿತ್ತೇನು?”

ಜೈತುನ್‌ಬೀ ತಟ್ಟೆ ಎತ್ತಿ, ಒಲೆಯ ಪಕ್ಕ ಇಟ್ಟು, ಅಲ್ಲಿಯೇ ಕುಕ್ಕರಗಾಲಲ್ಲಿ ಕೂತಳು.

“ಹೇಳಬೇಕಿತ್ತು. ಜಲ್ದಿ ಹೇಳಬೇಕಿತ್ತು.”

ಅಷ್ಟೇ. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು, ಇದು ತಪ್ಪಿದರೆ ಸಂಜೆಯವರೆಗೆ ಬೇರೆ ಇಲ್ಲ ಎಂದು ಜೈತುನ್‌ಬೀಯೇ ಅವಸರ ಮಾಡಿದಳು. ಸಾಬಮ್ಮ ಡಬ್ಬಿ ಹೆಗಲಿಗೇರಿಸಿ ಓಡಿದಳು. ಬಸ್ಸಿನಲ್ಲಿ ಸಂತೆಗೆ ಹೊರಟವರು ತುಂಬಿದ್ದರು. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ಚಿಂಚೋಳಿಯವರೆಗೂ ನಿಂತೇ ಹೋದಳು.